ಕಹಳೆಯ ಬಾಯಿಗೆ ಟವೆಲ್ಲು

— ಮೇಷ್ಟ್ರೇ, ಒಂದು ವಿಷಯ ಕೇಳೋಣ ಅಂತ ಬಂದೆ. ಬೈಬಾರದು.

— ಬೈಯೋ ವಿಷಯವಾದ್ರೆ ಬೈತೀನಿ. ಕೂತ್ಕೊ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಈಗ ಹೇಳು.

— ಈ ಸಲ ಸ್ಕೂಲ್ ಡೇಗೆ ಸಿನಿಮಾ ಹಾಡು ಬೇಡ ಅಂತ ಹೆಡ್‌ಮಿಸ್ ಹತ್ರ ವಾದ ಮಾಡಿ ಗೆದ್ದೆ. ಗೆದ್ದಮೇಲೆ ನೋಡಿದ್ರೆ, ಬದಲಿಗೆ ಏನು ಹಾಕೋದು ಅಂತ ನಾನು ಯೋಚನೆನೇ ಮಾಡಿರಲಿಲ್ಲ. ಆಗ ನಿಮ್ಮ ಮನೆಯ ಈ ಬೀರು ನೆನಪಾಯ್ತು.

— ಬೀರು ನೆನಪಾಯ್ತು. ಬೀರುವಿನ ಯಜಮಾನ?

— ಅವರನ್ನೂ ಸೇರಿಸಿಯೇ ಕೇಳ್ತಿರೋದು. ನಿಮ್ಮ ಹಳೇ ಗ್ರಾಮಫೋನ್ ಪ್ಲೇಟುಗಳನ್ನ ಹಾಕಿ ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡಬೇಕು ಅಂತಿದ್ದೀನಿ. ಪಿಟೀಲು ಕಲಿಯೋ ನಾಲ್ಕು ಮಕ್ಕಳಿದ್ದಾರೆ, ಅವರಿಗೂ ಅದರಿಂದಲೇ ಪಾಠ.

— ಮಕ್ಕಳು ನಗ್ತಾರೆ.

— ನಕ್ಕಾಯ್ತು. ಹೋದ ವಾರ ಫೋನಿನಲ್ಲಿ ಗೌಹರ್ ಜಾನ್ ಹಾಡಿದ್ದು ಒಂದನ್ನ ಹಾಕಿದೆ. ಶುರುವಿನ ಚರಚರ ಸದ್ದಿಗೇ ಒಬ್ಬ ಹುಡುಗ, "ಮಿಸ್, ಯಾರೋ ಒಗ್ಗರಣೆ ಹಾಕ್ತಿದ್ದಾರೆ" ಅಂದ. ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳ್ತಾರಲ್ಲ, ಅದಕ್ಕಂತೂ ಇಡೀ ಕ್ಲಾಸು ಬಿದ್ದೂ ಬಿದ್ದೂ ನಗ್ತು. ಮಾರನೇ ದಿನ ಹಾಜರಿ ಕರೆದ್ರೆ ಒಬ್ಬರೂ "ಯೆಸ್ ಮಿಸ್" ಅನ್ನಲ್ಲ. ಎಲ್ಲರದ್ದೂ ಅದೇ ರಾಗ, "ಮೈ ನೇಮ್ ಈಸ್" ಅಂತ.

— ಒಳ್ಳೇದೇ ಆಯ್ತು. ಯಾಕೆ ಹಾಗೆ ಕೂಗ್ತಿದ್ರು ಅಂತ ಹೇಳಿದ್ಯಾ?

— ಜಂಬ ಅಂದ್ಕೊಂಡಿದ್ದೆ.

— ಜಂಬವೂ ಇತ್ತು, ಇರಬೇಕಾದ್ದೇ. ಆದ್ರೆ ಕಾರಣ ಬೇರೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಹಾಡು ಹಿಡಿದ. ಹಿಡಿದದ್ದು ಮೇಣದ ಅಚ್ಚಿನ ಮೇಲೆ. ಆ ಅಚ್ಚು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕು, ಅಲ್ಲಿ ಪ್ಲೇಟು ಒತ್ತಬೇಕು, ಚೀಟಿ ಅಂಟಿಸಬೇಕು. ಅಲ್ಲಿನ ಕೆಲಸಗಾರನಿಗೆ ನಮ್ಮ ಭಾಷೆ ಗೊತ್ತಾ, ದನಿ ಗುರುತಿದೆಯಾ? ಹಾಡಿದವರೇ ಕೊನೆಗೆ ಹೆಸರು ಹೇಳಿಬಿಟ್ಟರೆ ಚೀಟಿ ಅದಲುಬದಲಾಗಲ್ಲ. ಪಾರ್ಸೆಲ್ ಮೇಲೆ ವಿಳಾಸ ಬರೆದ ಹಾಗೆ. ನಿನ್ನ ಮಕ್ಕಳಿಗೆ ಇನ್ನೊಂದು ವಿಷಯನೂ ಹೇಳು. ಆಯಮ್ಮ ಕೊನೆಗೆ ಬಂದು ಸೇರಿದ್ದು ನಮ್ಮೂರಿಗೇ. 1928ರಲ್ಲಿ ಮಹಾರಾಜ ನಾಲ್ವಡಿಯವರು ಕರೆಸಿ ಆಸ್ಥಾನದಲ್ಲಿ ಜಾಗ ಕೊಟ್ರು. 1930ರ ಜನವರಿಯಲ್ಲಿ ತೀರಿಕೊಂಡಿದ್ದೂ ಮೈಸೂರಲ್ಲೇ.

— ಇದನ್ನ ಹೇಳಿದ್ರೆ ನಗೋದು ನಿಲ್ಲಿಸ್ತಾರೆ.

— ನಿಲ್ಲಿಸೋದು ಯಾಕೆ? ನಗಲಿ ಬಿಡು. ಸರಿ, ಹಳೇ ಪ್ಲೇಟೇ ಯಾಕೆ ಬೇಕು ನಿನಗೆ? ಪರಂಪರೆ ಅಂತ ಶುರು ಮಾಡಿದ್ರೆ ಬೀರುವಿನ ಬೀಗ ತೆಗೆಯಲ್ಲ, ಈಗಲೇ ಹೇಳಿರ್ತೀನಿ.

— ಅದನ್ನೇ ಹೇಳೋಕೆ ಬಾಯಿ ತೆರೆದಿದ್ದೆ. ಹೋಗ್ಲಿ, ನಿಜ ಹೇಳ್ತೀನಿ. ಸಿನಿಮಾ ಹಾಡಿಗೆ ಮಕ್ಕಳನ್ನ ಕುಣಿಸೋದು ಬಹಳ ಸುಲಭ ಮೇಷ್ಟ್ರೇ. ಸ್ಪೀಕರಿನಿಂದ ಧಡ್ ಧಡ್ ಅಂತ ಬರುತ್ತಲ್ಲ, ಅದು ಕಾಲನ್ನ ಎಳ್ಕೊಂಡೇ ಹೋಗುತ್ತೆ. ಅಭ್ಯಾಸದಲ್ಲಿ ಎಲ್ಲ ಚೆನ್ನಾಗಿ ಕಾಣುತ್ತೆ. ಹೋದ ವರ್ಷ ಸ್ಟೇಜಿನ ಮೇಲೆ ಕರೆಂಟು ಹೋಯ್ತು, ಹತ್ತೇ ಸೆಕೆಂಡು. ಹದಿನಾರು ಮಕ್ಕಳು ಹದಿನಾರು ಕಡೆ ನಿಂತುಬಿಟ್ಟರು. ಒಬ್ಬರ ಕಾಲಲ್ಲೂ ತಾಳ ಇರಲಿಲ್ಲ, ಇದ್ದದ್ದೆಲ್ಲ ಸ್ಪೀಕರಿನಲ್ಲೇ.

— ಈಗ ದಾರಿಗೆ ಬಂದೆ. ಹಳೇ ಪ್ಲೇಟಿನಲ್ಲಿ ಏನಿಲ್ಲ ಗೊತ್ತಾ? ಆ ಧಡ್ ಧಡ್ ಇಲ್ಲ.

— ಮೃದಂಗ ಇರುತ್ತಲ್ಲ?

— ಇರುತ್ತೆ, ಸರಿಯಾಗಿ ಕೇಳಿಸಲ್ಲ. ಮೈಕು ಹಿಡಿದು ಹಾಡನ್ನ ಮುದ್ರಿಸೋದು ಶುರುವಾಗಿದ್ದು 1925ರ ಮೇಲೆ. ಅದಕ್ಕೆ ಮೊದಲು ಒಂದು ದೊಡ್ಡ ಕಹಳೆ ಇರ್ತಿತ್ತು. ಹಾಡೋರು ಅದರೊಳಗೆ ಮುಖ ತೂರಿಸಿ ಹಾಡ್ಬೇಕು. ಮೇಲಿನ ಸ್ವರಕ್ಕೆ ಹೋಗುವಾಗ ತಲೆ ಹಿಂದಕ್ಕೆ ಎಳ್ಕೊಬೇಕು, ಇಲ್ಲಾಂದ್ರೆ ಸೂಜಿ ಹಾರಿ ಅಚ್ಚು ಕೆಡುತ್ತೆ. ದನಿ ಮುಚ್ಚಿಹೋಗುತ್ತೆ ಅಂತ ಚರ್ಮವಾದ್ಯದವರನ್ನ ಹಿಂದಕ್ಕೆ ತಳ್ಳೋರು. ಮೇಲಾಗಿ ಆ ಕಹಳೆ ತೀರಾ ಕೆಳಗಿನ ಸದ್ದನ್ನ ಹಿಡೀತಾನೇ ಇರಲಿಲ್ಲ. ಮೃದಂಗದ ಎಡ ಮುಚ್ಚಿಗೆಯ ಗುಂಕಾರ ಹೋಯ್ತು, ಬಲಗಡೆಯ ಟಿಕ್ ಟಿಕ್ ಅಷ್ಟೋ ಇಷ್ಟೋ ಉಳೀತು. ಆದ್ದರಿಂದ ಆ ಕಾಲದ ಹಾಡಿಗೆ ಹೆಜ್ಜೆ ಹಾಕ್ಬೇಕಾದ್ರೆ ತಾಳ ನೀನೇ ತರಬೇಕು. ಪ್ಲೇಟು ಕೊಡಲ್ಲ.

— ಅಂದ್ರೆ ಅದರ ಕೊರತೆಯೇ ನಮಗೆ ಅನುಕೂಲ.

— ಅನುಕೂಲ ಅಂತ ಈಗಲೇ ಕುಣೀಬೇಡ. ಒಂದು ಕಥೆ ಹೇಳ್ತೀನಿ. ನಾನು ಕೆಲಸದಲ್ಲಿದ್ದಾಗ ಒಂದು ಶಾಲೆಗೆ ಇಂಥದ್ದೇ ಹುಮ್ಮಸ್ಸಿನಲ್ಲಿ ಹೋಗಿದ್ದೆ, ಈ ಕಹಳೆ ಮಷೀನನ್ನೇ ಸೈಕಲ್ ರಿಕ್ಷಾದಲ್ಲಿಟ್ಕೊಂಡು. ಒಂದು ಪ್ಲೇಟಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಪ್ಲೇಟು ಒಂದು ಸುತ್ತು ಬಂದಾಗೆಲ್ಲ ಮುಳ್ಳು ಆ ಬಿರುಕನ್ನ ದಾಟುತ್ತೆ, 'ಟಕ್' ಅನ್ನುತ್ತೆ. ನಿಮಿಷಕ್ಕೆ 78 ಟಕ್. ನನಗೆ ಅದು ಅಭ್ಯಾಸವಾಗಿ ಕೇಳಿಸ್ತಾನೇ ಇರಲಿಲ್ಲ. ಮಕ್ಕಳಿಗೆ ಕೇಳಿಸಿದ್ದು ಅದೊಂದೇ! ಪ್ಲೇಟಿನ ಆಯಮ್ಮ ಆದಿತಾಳದಲ್ಲಿ ಹಾಡ್ತಿದ್ದಾಳೆ, ಇವರು ಬಿರುಕಿನ ತಾಳಕ್ಕೆ ತಟ್ಟಡವು ಹಾಕ್ತಿದ್ದಾರೆ. ಹಾಡಿನ ನಡೆಯೂ ಹತ್ತಿರ ಹತ್ತಿರ ಅಷ್ಟೇ ಇತ್ತಾ, ಮೊದಲ ಒಂದೆರಡು ಆವರ್ತ ಸರಿಯಾಗೇ ಕಾಣೋದು, ಆಮೇಲೆ ಮೆಲ್ಲಗೆ ಜಾರೋದು. ಎರಡು ದಿನ ಮಕ್ಕಳನ್ನ ಬೈದೆ. ಮೂರನೇ ದಿನ ಒಂದು ಪುಟ್ಟ ಹುಡುಗಿ, "ಸಾರ್, ನಾವು ಸರಿಯಾಗೇ ಹಾಕ್ತಿದ್ದೀವಿ, ಆ ಆಂಟಿನೇ ತಪ್ಪಿಸ್ತಿದ್ದಾರೆ" ಅಂದಳು.

— ಅಯ್ಯೋ! ಆಮೇಲೆ?

— ಆಮೇಲೇನು, ಅವತ್ತು ಪಾಠ ಕಲಿತವನು ನಾನು. ಪ್ಲೇಟು ಹಾಕೋಕೆ ಮೊದಲು ಅರ್ಧ ಗಂಟೆ ಅದಿಲ್ಲದೆ ತಾಳ ಹಾಕಿಸಬೇಕು. ತೊಡೆ ತಟ್ಟಿ, ಬೆರಳೆಣಿಸಿ, ಬಾಯಲ್ಲಿ ಸೊಲ್ಲುಕಟ್ಟು ಹೇಳಿಸಿ. ಕುಣಿಸೋಕೂ ಮೊದಲು ಹಾಡನ್ನ ಕೂತು ಕೇಳಿಸಬೇಕು, ಸಮ ಎಲ್ಲಿ ಬೀಳುತ್ತೆ ಅಂತ ಅವರೇ ಹುಡುಕಬೇಕು. ನೀನು ತೋರಿಸಬಾರದು. ಹಳೇ ಪ್ಲೇಟಿನಲ್ಲಿ ಸಮ ಹುಡುಕೋದು ಮಕ್ಕಳಿಗೆ ಕಣ್ಣಾಮುಚ್ಚಾಲೆ ಆಟ ಇದ್ದ ಹಾಗೆ, ಒಬ್ಬರು ಸಿಕ್ತು ಅಂದ್ರೆ ಇನ್ನೊಬ್ಬರು ಇಲ್ಲ ಅಂತಾರೆ, ಜಗಳ ಆಗುತ್ತೆ. ಆ ಜಗಳ ಆಗಲಿ.

— ಸಿಕ್ಕಿದ್ದು ಸರಿಯೋ ತಪ್ಪೋ ಅಂತ ನೋಡೋದು ಹೇಗೆ?

— ಟವೆಲ್ಲು.

— ಏನು?

— ಮೈ ಒರೆಸೋ ಟವೆಲ್ಲು. ಇದಕ್ಕೆ ವಾಲ್ಯೂಮ್ ಕಿವಿ ಎಲ್ಲಿದೆ ನೋಡು, ಹೊರಗೆ ಚಾಚಿರೋ ಈ ಕಹಳೆ ಬಿಟ್ರೆ ಬೇರೇನೂ ಇಲ್ಲ. ದನಿ ತಗ್ಗಿಸಬೇಕಾದ್ರೆ ಕಹಳೆಯ ಬಾಯಿಗೆ ಬಟ್ಟೆ ತುರುಕ್ತಿದ್ವಿ. ಮಕ್ಕಳು ಕುಣೀತಿರುವಾಗ ನಾನು ಸದ್ದಿಲ್ಲದೆ ಹೋಗಿ ಟವೆಲ್ಲು ತುರುಕಿಬಿಡೋನು. ಹಾಡು ಒಳಗೇ ನಡೀತಾ ಇರುತ್ತೆ, ಹೊರಗೆ ಸೊಳ್ಳೆ ಗುಂಯ್ ಅಂದಷ್ಟು. ಅವರ ಕಾಲ್ಸದ್ದಿಗೆ ಅದೂ ಮುಚ್ಚಿಹೋಗುತ್ತೆ. ಎರಡು ಆವರ್ತ ಬಿಟ್ಟು ಟವೆಲ್ಲು ಕಿತ್ತರೆ ಕೂಡಿಕೊಂಡಿದ್ದಾರೋ ಇಲ್ವೋ ಅಲ್ಲೇ ತೀರ್ಮಾನ. ಮೊದಲ ದಿನ ಯಾರೂ ಕೂಡಲ್ಲ. ಒಂದು ವಾರದಲ್ಲಿ ಮೂರು ಜನ ಕೂಡ್ತಾರೆ. ಆ ಮೂವರ ಮುಖ ನೋಡ್ಬೇಕು ನೀನು, ಹೊಳೆ ದಾಟಿ ಬಂದವರ ಹಾಗೆ.

— ಕರೆಂಟು ಹೋದ ಹತ್ತು ಸೆಕೆಂಡು!

— ಅದೇ ಹತ್ತು ಸೆಕೆಂಡು. ನೀನು ಫೋನಿನಲ್ಲಿ ಹಾಕಿದ್ರೆ ಟವೆಲ್ಲು ಬೇಕಿಲ್ಲ, ಸದ್ದು ಇಳಿಸಿದ್ರಾಯ್ತು. ಆದ್ರೆ ಟವೆಲ್ಲು ಕೀಳುವಾಗಿನ ಮಜಾ ಅದರಲ್ಲಿಲ್ಲ.

— ನಾನೂ ಒಂದಿಷ್ಟು ಓದ್ಕೊಂಡು ಬಂದಿದ್ದೀನಿ ಮೇಷ್ಟ್ರೇ, ನಿಮ್ಮದೇ ಮೊದಲು ಅನ್ಕೋಬೇಡಿ. ಅಮೆರಿಕದಲ್ಲಿ ವಿಕ್ಟರ್ ಕಂಪನಿ 1911ರಲ್ಲೇ ಶಾಲೆಗಳಿಗೆ ಅಂತ ಒಂದು ವಿಭಾಗ ತೆರೀತು. ಮಿಲ್ವಾಕಿ ಊರಿನ ಶಾಲೆಗಳ ಸಂಗೀತ ನೋಡಿಕೊಳ್ತಿದ್ದ ಫ್ರಾನ್ಸಿಸ್ ಎಲಿಯಟ್ ಕ್ಲಾರ್ಕ್ ಅನ್ನೋರಿಗೆ ಅದನ್ನ ವಹಿಸಿದ್ರು. ಎಲಿಜಬೆತ್ ಬರ್ಚೆನಲ್ ಅನ್ನೋ ಇನ್ನೊಬ್ಬ ಟೀಚರ್ ಹಳ್ಳಿ ಕುಣಿತಗಳನ್ನ ಆರಿಸಿಕೊಟ್ರು, ಕಂಪನಿ ಬ್ಯಾಂಡಿನವರಿಂದ ನುಡಿಸಿ ಪ್ಲೇಟು ಮಾಡ್ತು. ಮಕ್ಕಳು ಆಟದ ಮೈದಾನದಲ್ಲಿ ಸುತ್ತು ಕಟ್ಟಿ ಕುಣಿಯೋರು. ಶಾಲೆಗೆ ಅಂತಲೇ ಒಂದು ಮಷೀನು ಬೇರೆ ಬಂತು, 1913ರಲ್ಲಿ. ಕೆಲಸ ಮುಗಿದ ಮೇಲೆ ಕಹಳೆ ಬಿಚ್ಚಿ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕ್ಕೋಬಹುದು.

— ಬೀಗ ಹಾಕೋಕೆ ಅನುಕೂಲ ಮಾಡಿದವನು ಮಕ್ಕಳನ್ನ ಕಂಡವನೇ. ಆದ್ರೂ ಕಂಪನಿಗೆ ಮಕ್ಕಳ ಮೇಲಿನ ಪ್ರೀತಿ ಉಕ್ಕಿ ಬಂದು ಮಾಡಿದ್ದಲ್ಲ ಕಣಮ್ಮ. ಶಾಲೆಗೊಂದು ಮಷೀನು ಮಾರಿದ್ರೆ ಆ ಮಕ್ಕಳ ಮನೆಗಳಲ್ಲಿ ಇನ್ನಷ್ಟು ಮಾರಬಹುದು.

— ಇರಲಿ. ಅದರಲ್ಲಿ ನನಗೆ ಹಿಡಿಸಿದ್ದು ಬೇರೆ. ಪ್ಲೇಟು ಬರೋಕೆ ಮೊದಲು ಟೀಚರ್ ಪಿಯಾನೋ ಮುಂದೆ ಕೂರಬೇಕಿತ್ತು. ಪ್ಲೇಟು ಬಂದಮೇಲೆ ಎದ್ದು ಮಕ್ಕಳ ನಡುವೆ ಬರೋಕಾಯ್ತು. ನನ್ನ ಕಷ್ಟನೂ ಅದೇ. ಮಣೆ ಮೇಲೆ ಕೋಲು ತಟ್ತಾ ಜತಿ ಹೇಳ್ತಾ ಕೂತ್ರೆ, ಹಿಂದಿನ ಸಾಲಿನವಳು ಅರೆಮಂಡಿ ಬಿಟ್ಟು ನೆಟ್ಟಗೆ ನಿಂತದ್ದು ಕಾಣಲ್ಲ. ಎದ್ದು ಹೋಗಿ ಅವಳ ಮಂಡಿ ಸರಿಮಾಡೋಣ ಅಂದ್ರೆ ತಾಳ ನಿಲ್ಲುತ್ತೆ.

— ಅದು ಸರಿಯಾದ ಮಾತು. ಪ್ಲೇಟು ಹಾಡಲಿ, ನೀನು ಮಂಡಿ ನೋಡು. ಅದಕ್ಕೆ ಕಣ್ಣಿಲ್ಲ, ನಿನಗಿದೆ.

— ಹಾಡು ಯಾವುದು ಅನ್ನೋದೇ ದೊಡ್ಡ ಪ್ರಶ್ನೆ. ನಿಮ್ಮ ಬೀರುವಿನಲ್ಲಿ ಜಾವಳಿ, ಪದಗಳೇ ಜಾಸ್ತಿ. ಹನ್ನೊಂದು ವರ್ಷದ ಹುಡುಗಿ ಕೈಲಿ, 'ನನ್ನ ಬಿಟ್ಟು ಅವಳ ಮನೆಗೆ ಯಾಕೆ ಹೋದೆ' ಅನ್ನೋ ಅಭಿನಯ ಮಾಡಿಸಲಾ?

— ಮಾಡಿಸ್ಬೇಡ. ಮಾಡಿಸಿದ್ರೂ ಅವಳಿಗೆ ತಿಳಿಯಲ್ಲ, ತಿಳಿದ ಹಾಗೆ ಕಣ್ಣು ಹೊರಳಿಸ್ತಾಳೆ, ಅದು ನೋಡೋಕಾಗಲ್ಲ. ನೃತ್ಯಗಾರ್ತಿ ವೆಂಕಟಲಕ್ಷಮ್ಮನವರು ಕೂತಲ್ಲಿಂದ ಏಳದೆ ಒಂದೇ ಸಾಲನ್ನ ಬಗೆಬಗೆಯಾಗಿ ತೋರಿಸೋರು, ಅವರ ಆ ವಯಸ್ಸಿಗೆ. ಅದಕ್ಕೆ ಬದುಕಿ ಬರಬೇಕು. ಅಭಿನಯ ಪ್ಲೇಟಿನಿಂದ ಬರಲ್ಲ ಬಿಡು, ಮುಖ ಎಲ್ಲಿದೆ ಅದರಲ್ಲಿ? ನೀನು ಮಾತಿಲ್ಲದ್ದನ್ನ ತಗೊ. ತಿಲ್ಲಾನ ಇದೆ, ಚಿಟ್ಟೆಸ್ವರ ಇರೋ ಕೃತಿಗಳಿವೆ. ಬರೀ ಹೆಜ್ಜೆ, ಬರೀ ಕೈ. ಅದೂ ಸಾಲದು ಅಂದ್ರೆ ನಾಟಕದ ಹಾಡುಗಳಿವೆ. ಕಂಪನಿ ನಾಟಕದವರ ಹಾಡಿನ ನಡೆ ಮಕ್ಕಳ ಮೈಗೆ ಬೇಗ ಹತ್ತುತ್ತೆ.

— ನಾಟಕದ ಹಾಡು ನನಗೆ ಹೊಳೆದೇ ಇರಲಿಲ್ಲ.

— ವಿದ್ವತ್ ಮಾಡಿದವರಿಗೆ ಹೊಳೆಯಲ್ಲ.

— ಸರಿ ಸರಿ. ಆದ್ರೆ ಪದ, ಜಾವಳಿ ಬಿಟ್ರೂ ಆ ಹಾಡುಗಾರ್ತಿಯರನ್ನ ಬಿಡೋಕಾಗಲ್ಲ ಮೇಷ್ಟ್ರೇ. ಮೊದಮೊದಲು ಕಹಳೆ ಮುಂದೆ ಧೈರ್ಯವಾಗಿ ನಿಂತದ್ದರಲ್ಲಿ ಅವರೇ ಹೆಚ್ಚು ಅಲ್ವಾ? ಸೇಲಂ ಗೋದಾವರಿ, ಕೊಯಮತ್ತೂರು ತಾಯಿ, ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ದೇವಸ್ಥಾನದಲ್ಲಿ ಕುಣಿತ ಬೇಡ ಅಂತ ಇದೇ ಮೈಸೂರು ಸರ್ಕಾರ 1909ರಲ್ಲಿ ಹೇಳಿದಾಗ, ಅವರ ದೇವದಾಸಿ ಕುಲದ ಹೆಂಗಸರ ದನಿ ಪ್ಲೇಟಿನಲ್ಲಿ ಮನೆಮನೆಗೆ ಹೋಗ್ತಿತ್ತು. ಕುಣಿದವರನ್ನ ಹೊರಗಿಟ್ಟು ಕುಣಿತವನ್ನ ಒಳಗೆ ಕರ್ಕೊಂಡ್ವಿ. ನಾನು ಕಲಿತ ಡ್ಯಾನ್ಸೂ ಹಾಗೆ ಬಂದದ್ದೇ. ಮಕ್ಕಳಿಗೆ ಇದನ್ನೆಲ್ಲ ಹೇಗೆ ಹೇಳೋದು?

— ಎಲ್ಲ ಹೇಳೋಕಾಗಲ್ಲ. ಹೆಸರು ಹೇಳು. ಸ್ಟೇಜಿನ ಮೇಲೆ ಹಾಡಿಗೆ ಮೊದಲು ಒಂದು ಮಗು ಬಂದು, ಹಾಡಿದವರು ಇಂಥವರು, ಇಂಥ ಊರಿನವರು ಅಂತ ಮೈಕಿನಲ್ಲಿ ಹೇಳಲಿ. ಈಗ ಸ್ಕೂಲ್ ಡೇನಲ್ಲಿ ಅತಿಥಿಗಳ ಹೆಸರು ಹತ್ತು ಸಲ ಹೇಳ್ತಾರೆ, ಹಾಡಿದವರ ಹೆಸರು ಒಂದು ಸಲನೂ ಇಲ್ಲ. ನಾಗರತ್ನಮ್ಮನವರಂತೂ ನಿನಗೆ ಹೇಳಿ ಮಾಡಿಸಿದ ಹಾಗಿದ್ದಾರೆ, ಹುಡುಗಿಯಾಗಿದ್ದಾಗ ಪಿಟೀಲನ್ನೂ ನೃತ್ಯವನ್ನೂ ಒಟ್ಟೊಟ್ಟಿಗೆ ಕಲಿತವರು.

— ಪಿಟೀಲು ಅಂದ್ರಿ, ಆ ನಾಲ್ಕು ಮಕ್ಕಳ ವಿಷಯ. ಸರಳೆ, ಜಂಟಿ ಆಯ್ತು, ಅಲಂಕಾರದಲ್ಲಿದ್ದಾರೆ. ಅವರಿಗೆ ಚೌಡಯ್ಯನವರದ್ದು ಹಾಕಲಾ? ನಮ್ಮ ತಿರುಮಕೂಡಲಿನವರು ಅಂದ್ರೆ ಮಕ್ಕಳಿಗೂ ಖುಷಿ.

— ಕೇಳಿಸು, ನಕಲು ಮಾಡಿಸ್ಬೇಡ. ಅವರ ಪಿಟೀಲಿಗೆ ಏಳು ತಂತಿ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಿಸಲಿ ಅಂತ ತಂತಿಗೆ ಜೋಡಿ ತಂತಿ ಹಾಕಿಸಿಕೊಂಡಿದ್ರು. ಒಂದು ಬೆರಳಿಟ್ಟರೆ ಎರಡು ಸ್ಥಾಯಿ ಒಟ್ಟಿಗೆ ಮೊಳಗುತ್ತೆ. ಅಲಂಕಾರದ ಮಗು ಅದನ್ನ ಕೇಳಿ, ಮಂದ್ರದಲ್ಲಿ ನುಡಿಸ್ಬೇಕಾ ತಾರದಲ್ಲಾ ಅಂತ ಗಾಬರಿ ಬೀಳುತ್ತೆ. ನಾನೇ ಬಿದ್ದಿದ್ದೆ. ಮೊದಲು ಹಾಡಿದ್ದನ್ನ ಕೊಡು, ನುಡಿಸಿದ್ದನ್ನಲ್ಲ.

— ವಾದ್ಯ ಕಲಿಯೋ ಮಗುವಿಗೆ ಹಾಡಾ?

— ಮತ್ತೆ? ಒಂದು ಸಂಗತಿ, ನಾಲ್ಕೇ ಸೆಕೆಂಡಿನದ್ದು. ಮುಳ್ಳಿಟ್ಟು ಕೇಳಿಸು, ಎತ್ತು. ಮಗು ಬಾಯಲ್ಲಿ ಹಾಡಲಿ. ಮತ್ತೆ ಕೇಳಿಸು. ಮತ್ತೆ ಹಾಡಲಿ. ಬಾಯಿಗೆ ಕೂತಮೇಲೆ ಕಮಾನು ಎತ್ತಲಿ. ಆಗ ಬೆರಳು ಜಾರೋ ದಾರಿ ತಾನಾಗೇ ಸಿಗುತ್ತೆ, ಗಮಕಕ್ಕೆ ಪುಸ್ತಕದಲ್ಲಿ ಗೀಟು ಎಳೆದು ತೋರಿಸೋ ಕೆಲಸ ತಪ್ಪುತ್ತೆ. ಒಂದು ತರಗತಿಗೆ ಒಂದು ಸಂಗತಿ ಸಾಕು. ಆಮೇಲೆ ಯಾವಾಗಲಾದ್ರೂ ವೀಣೆ ಧನಮ್ಮಾಳ್ ಕೇಳಿಸು. ಕೊಲಂಬಿಯಾ ಕಂಪನಿಯವರು 1932ರಲ್ಲಿ ಮುದ್ರಿಸಿಕೊಂಡ್ರು, ಆಗವರಿಗೆ ಅರವತ್ತು ದಾಟಿತ್ತು. ಮಕ್ಕಳಿಗೆ ಒಂದೇ ಕೆಲಸ ಕೊಡು: ತಂತಿಯನ್ನ ಎಷ್ಟು ಸಲ ಮೀಟಿದ್ರು, ಎಣಿಸಿ ಅಂತ. ಎಣಿಸ್ತಾ ಎಣಿಸ್ತಾ ಗೊತ್ತಾಗುತ್ತೆ, ಮೀಟಿದ್ದು ಕಮ್ಮಿ, ಕೇಳಿದ ಸ್ವರ ಜಾಸ್ತಿ. ಉಳಿದದ್ದು ಎಲ್ಲಿಂದ ಬಂತು ಅಂತ ಅವರೇ ಕೇಳ್ತಾರೆ. ಆಗ ವೀಣೆ ತೆಗೆದು ತಂತಿ ಎಳೆದು ತೋರಿಸು.

— ಅದು ಬಹಳ ಚೆನ್ನಾಗಿದೆ. ಬರ್ಕೋತೀನಿ ಇರಿ... ಇನ್ನೊಂದು ತೊಂದರೆ ಇದೆ. ನಮ್ಮ ಶಾಲೆಯ ಕೀಬೋರ್ಡು ಆ ಹಾಡಿನ ಶ್ರುತಿಗೆ ಕೂಡಲೇ ಇಲ್ಲ. ಎರಡು ಮನೆಗಳ ನಡುವೆ ಎಲ್ಲೋ ಇದೆ ಅದು.

— ಇರುತ್ತೆ. 78 ಅಂತ ನಾವು ಹೇಳ್ತೀವಿ ಅಷ್ಟೇ, ಆಗಿನ ಕಾಲದಲ್ಲಿ ಒಬ್ಬೊಬ್ಬ ಮುದ್ರಣಗಾರ ಒಂದೊಂದು ವೇಗದಲ್ಲಿ ತಿರುಗಿಸಿದ್ದಾನೆ. 70ರ ಸುಮಾರಿನದ್ದೂ ಇದೆ, 80 ದಾಟಿದ್ದೂ ಇದೆ. ಲೆಕ್ಕ ನೋಡು, 78ರಲ್ಲಿ ತಿರುಗೋದನ್ನ ಸುಮಾರು 74ಕ್ಕೆ ಇಳಿಸಿದ್ರೆ ಶ್ರುತಿ ಒಂದು ಮನೆ ಇಳಿಯುತ್ತೆ. 70ರಲ್ಲಿ ಮುದ್ರಿಸಿದ್ದನ್ನ ನೀನು 78ರಲ್ಲಿ ಹಾಕಿದ್ರೆ ಹಾಡಿದ ಮುತ್ತೈದೆ ಹತ್ತು ವರ್ಷದ ಹುಡುಗಿಯಾಗ್ತಾಳೆ. ಹಳೇ ಕಾಲದವರ ದನಿಯೆಲ್ಲ ಕೀಚಲು ಅಂತ ಜನ ಹೇಳೋದರಲ್ಲಿ ಅರ್ಧ ತಪ್ಪು ತಿರುಗಣಿಯದ್ದು. ನಿನ್ನ ಫೋನಿನಲ್ಲಿ ವೇಗ ಇಳಿಸೋ ಏರ್ಪಾಡು ಇರುತ್ತಲ್ಲ, ದನಿ ಮನುಷ್ಯರ ದನಿ ಹಾಗೆ ಕೇಳೋವರೆಗೂ ಇಳಿಸು. ಇಳಿಸುವಾಗ ಶ್ರುತಿಯೂ ಜೊತೆಗೇ ಇಳೀಬೇಕು, ಅದನ್ನ ಹಾಗೇ ಉಳಿಸೋ ಗುಂಡಿ ಇದ್ರೆ ಆಫ್ ಮಾಡು. ಆಮೇಲೆ ಹತ್ತಿರದ ಮನೆಗೆ ಕೂಡಿಸ್ಕೊ. ಪಿಟೀಲಿನವರಿಗೆ ಆ ಕಷ್ಟವೇ ಇಲ್ಲ, ಬಿರಡೆ ತಿರುಗಿಸಿ ಪ್ಲೇಟಿನ ಶ್ರುತಿಗೆ ಕೂಡಿಸಿಕೊಂಡ್ರಾಯ್ತು. ಅದನ್ನೂ ಮಕ್ಕಳ ಕೈಲೇ ಮಾಡಿಸು.

— ಮೂರು ನಿಮಿಷಕ್ಕೇ ಮುಗಿದುಹೋಗುತ್ತಲ್ಲ ಹಾಡು, ಅದು?

— ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಅಷ್ಟೇ ಹಿಡಿಯೋದು. ಮಕ್ಕಳ ಉಸಿರಿಗೂ ಅಷ್ಟೇ ಹಿಡಿಯೋದು. ಆದ್ರೆ ಒಂದು ಎಚ್ಚರಿಕೆ. ಆ ಮೂರು ನಿಮಿಷಕ್ಕೆ ತುರುಕೋಕೆ ಅವರು ಸಾಹಿತ್ಯ ಕತ್ತರಿಸಿದ್ದಾರೆ, ಕಾಲ ಏರಿಸಿದ್ದಾರೆ. ಕೆಲವರು ಚರಣವನ್ನ ಬಸ್ಸು ಹಿಡಿಯೋಕೆ ಓಡೋರ ಹಾಗೆ ಹಾಡಿದ್ದಾರೆ. ಹಾಗಾಗಿ ಹಳೇ ಕಾಲದಲ್ಲಿ ಹೀಗೇ ಹಾಡ್ತಿದ್ರು ಅಂತ ಮಾತ್ರ ಹೇಳ್ಬೇಡ. ಕಹಳೆ ಮುಂದೆ ಹೀಗೆ ಹಾಡಿದ್ರು ಅಂತ ಹೇಳು.

— ಪ್ಲೇಟು ಕೇಳಿಯೇ ದೊಡ್ಡವರಾದವರು ಇಲ್ವಾ ಮೇಷ್ಟ್ರೇ? ಗದಗಿನಲ್ಲಿ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿ ಕೇಳಿ ಹುಚ್ಚು ಹಿಡಿಸಿಕೊಂಡ್ರಲ್ಲ. ಗಂಗೂಬಾಯಿ ಹಾನಗಲ್ಲರು ಸಣ್ಣವರಿದ್ದಾಗ ಗ್ರಾಮಫೋನ್ ಸದ್ದು ಕೇಳಿದ್ರೆ ಬೀದಿಗೆ ಓಡ್ತಿದ್ರಂತೆ.

— ಓಡಿದ್ರು. ಆದ್ರೆ ಸರಿಯಾಗಿ ನೋಡು, ಆ ಪ್ಲೇಟು ಭೀಮಸೇನರಿಗೆ ಪಾಠ ಹೇಳಲಿಲ್ಲ, ಮನೆ ಬಿಡಿಸ್ತು. 1933ರಲ್ಲಿ ಹನ್ನೊಂದು ವರ್ಷದ ಹುಡುಗ ಹೇಳದೆ ಕೇಳದೆ ರೈಲು ಹತ್ತಿದ, ಗುರುವನ್ನ ಹುಡುಕ್ಕೊಂಡು. ಪಾಠ ಹೇಳಿದ್ದು ಕುಂದಗೋಳದ ಸವಾಯಿ ಗಂಧರ್ವರು. ಅವರು ಅದೇ ಖಾನ್ ಸಾಹೇಬರ ಶಿಷ್ಯರು ಅನ್ನು. ಪ್ಲೇಟು ಅಷ್ಟೇ ಮಾಡೋದು. ನಿನ್ನ ಮಕ್ಕಳಲ್ಲಿ ಯಾರಾದ್ರೂ ರೈಲು ಹತ್ತಿದ್ರೆ ನನ್ನ ಹೆಸರು ಹೇಳ್ಬೇಡ.

— ಪ್ಲೇಟೊಂದರಿಂದಲೇ ಕಲಿತವರು ಒಬ್ಬರೂ ಇಲ್ಲ ಅಂತೀರಾ?

— ಒಬ್ಬನ ಕಥೆ ಗೊತ್ತು. ಪ್ಯಾರಿಸಿನವನು, ಮೊರಿಸ್ ದೆಲಾಜ್ ಅಂತ, ಸಂಗೀತ ರಚನೆ ಮಾಡೋನು. ಸುಮಾರು 1912ರಲ್ಲಿ ಭಾರತಕ್ಕೆ ಬಂದಿದ್ದ. ಇಮ್ದಾದ್ ಖಾನರ ಪ್ಲೇಟು, ಕೊಯಮತ್ತೂರು ತಾಯಿಯ ಪ್ಲೇಟು ಅವನಿಗೆ ಸಿಕ್ಕಿದ್ವು. ಕೇಳಿ ಕೇಳಿ, ತಾಯಿ ಹಾಡಿದ್ದನ್ನ ಪಿಯಾನೋಗೆ ಇಳಿಸಿ 'ರಾಗಮಾಲಿಕಾ' ಅಂತ ಒಂದು ಕೃತಿ ಮಾಡಿದ. ಅದರಲ್ಲಿ ಒಂದು ಕಡೆ ಪಿಯಾನೋದ ಒಂದು ಸ್ವರದ ತಂತಿಯನ್ನ ಅದುಮಿ ಅದರ ನಾದ ಅಡಗಿಸಬೇಕು, ಮೃದಂಗದಂಥ ಮೊದ್ದು ಸದ್ದು ಬರಲಿ ಅಂತ.

— ಪ್ಲೇಟಿನಲ್ಲಿ ಸರಿಯಾಗಿ ಕೇಳಿಸದೇ ಇದ್ದ ಮೃದಂಗ!

— ಹೂಂ. ಅವನು ಕಿವಿ ಇಟ್ಟು ಹುಡುಕಿದ್ದಾನೆ ಅಂತಾಯ್ತು. ಪಿಯಾನೋದಲ್ಲಿ ಗಮಕ ಬರುತ್ತಾ? ಬರಲ್ಲ. ಆದ್ರೂ ನನಗೆ ಆ ಮನುಷ್ಯನ ಮೇಲೆ ಗೌರವ ಇದೆ. ಟವೆಲ್ಲು ತುರುಕಿದ್ದಾನೆ, ಬೇರೆ ಕಡೆ.

— ಒಂದು ಕಾನೂನಿನ ವಿಷಯ. ಪೋಷಕರು ವಿಡಿಯೋ ಮಾಡಿ ಎಲ್ಲ ಕಡೆ ಹಾಕ್ತಾರೆ. ತೊಂದರೆ ಆಗಲ್ವಾ?

— ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮಾರನೇ ವರ್ಷದಿಂದ 60 ವರ್ಷ. ನಾವು ಮಾತಾಡ್ತಿರೋ ಪ್ಲೇಟುಗಳದ್ದು ಯಾವಾಗಲೋ ಮುಗಿದಿದೆ. ಹಾಡು ಬರೆದವರ ಹಕ್ಕು ಬೇರೆ, ಅವರು ತೀರಿಕೊಂಡ ಮೇಲೆ 60 ವರ್ಷ. ತ್ಯಾಗರಾಜರಿಗೆ ಯೋಚನೆ ಮಾಡ್ಬೇಡ, ನಾಟಕದ ಹಾಡಿಗೆ ಮಾತ್ರ ಬರೆದವರು ಯಾರು ಅಂತ ನೋಡ್ಕೊ. ಸರಿ, ಏಳು. ಬೀರು ತೆಗೀತೀನಿ. ಕೈ ಒದ್ದೆ ಇದೆಯಾ?

— ಇಲ್ಲ.

— ಅಂಚು ಹಿಡಿ, ಗೀರಿನ ಮೇಲೆ ಬೆರಳಿಡ್ಬೇಡ. ಇದು ಅರಗು ಕಣಮ್ಮ, ಬಳೆ ಮಾಡೋ ಅರಗು. ಬಿದ್ರೆ ಹಂಚಿನ ಹಾಗೆ ಒಡೆಯುತ್ತೆ, ಬಿಸಿಲಿಗಿಟ್ರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ. ಒಂದೊಂದು ಸಲ ಹಾಕಿದಾಗಲೂ ಉಕ್ಕಿನ ಮುಳ್ಳು ಇಷ್ಟಿಷ್ಟೇ ಸವೆಸುತ್ತೆ, ಅದಕ್ಕೇ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು. ದಿನಾ ಅಭ್ಯಾಸಕ್ಕೆ ಇದನ್ನ ಹಾಕ್ಬೇಡ, ಫೋನಿಗೆ ಇಳಿಸ್ಕೊ. ಮಷೀನು ಮಾತ್ರ ಒಂದು ದಿನ ತರ್ತೀನಿ, ಮಕ್ಕಳು ಕೀ ಕೊಟ್ಟು ನೋಡಲಿ. ಕೀ ಇಳಿದಾಗ ಹಾಡು ಹೇಗೆ ಮುಗ್ಗರಿಸುತ್ತೆ ಅಂತಲೂ ಕೇಳಲಿ, ಆಗ ಕುಣೀತಿದ್ರೆ ಇನ್ನೂ ತಮಾಷೆ.

— ಈ ತಿಲ್ಲಾನದ್ದು, ಈ ನಾಟಕದ್ದು ಎರಡು ಇವತ್ತೇ ತಗೊಂಡು ಹೋಗ್ಲಾ?

— ನೆಟ್ಟಗೆ ನಿಲ್ಲಿಸಿ ಹಿಡ್ಕೋಬೇಕು, ಮಲಗಿಸಿ ಮೇಲೆ ಪುಸ್ತಕ ಇಡೋ ಹಾಗಿಲ್ಲ. ಆಟೋದಲ್ಲಿ ಸೀಟಿನ ಮೇಲಿಡ್ಬೇಡ, ತೊಡೆ ಮೇಲಿಟ್ಕೊ. ಹಂಪ್ ಬಂದಾಗ ಸ್ವಲ್ಪ ಮೇಲಕ್ಕೆತ್ತಿಕೊ.

— ಆಟೋ ಎಲ್ಲಿ ಬಂತು ಮೇಷ್ಟ್ರೇ, ಸಿಟಿ ಬಸ್ಸಿನಲ್ಲಿ ಬಂದಿದ್ದೀನಿ.

— ಈಗ ಗಂಟೆ ಐದೂವರೆ. ಬಸ್ಸಿನಲ್ಲಿ ನಿಂತ್ಕೊಳ್ಳೋಕೆ ನಿನಗೇ ಜಾಗ ಇರಲ್ಲ. ಇಡಮ್ಮ ಇಲ್ಲಿ, ನಾಳೆ ನಾನೇ ತರ್ತೀನಿ. ಮಕ್ಕಳು ಎಷ್ಟು ಹೊತ್ತಿಗೆ ಸಿಗ್ತಾರೆ?

— ಮೂರೂಕಾಲಿಗೆ. ಆಟದ ಪೀರಿಯಡ್ಡು.

— ಆಟದ ಪೀರಿಯಡ್ಡಾ? ಆಟ ತಪ್ಪಿಸಿದವನು ಅಂತ ಮೊದಲ ದಿನವೇ ಬೈಗುಳ ತಿನ್ನಿಸ್ತೀಯ. ಹೋಗ್ಲಿ. ಟವೆಲ್ಲು ನೀನು ತಾ, ನನ್ನ ಹತ್ರ ಇರೋದೆಲ್ಲ ಹರಿದಿದೆ.